ನರ್ಸಮ್ಮ ಕಟ್ಟಿದ ಲಂಗೋಟಿಗಳು

ಮಗು ಹುಟ್ಟಿದ ಮನೆಯಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದನ್ನು ಹಿತ್ತಲ ಹಗ್ಗದ ಮೇಲೆ ಸಾಲಾಗಿ ಒಣಗಲು ಹಾಕಿರುತ್ತಾರೆ. ಎಪ್ಪತ್ತರ ದಶಕದ ನಡುವಿನಿಂದ ಹದಿಮೂರು ಹದಿನಾಲ್ಕು ವರ್ಷ ಕೊರಟಗೆರೆ, ಶಿರಾ, ಪಾವಗಡ, ಮಧುಗಿರಿ ಅಂತ ವರ್ಗವಾಗುತ್ತಾ, ಬಾಣಂತಿಯರ ಮನೆ ಸುತ್ತುವುದೇ ನನ್ನ ಕೆಲಸವಾಗಿತ್ತು. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು. ಊರವರಿಗೆ ನಾನು ಬರೀ ನರ್ಸಮ್ಮ. ತೂಕ ನೋಡು, ಹೊಕ್ಕಳು ನೋಡು, ಹಾಲು ಕುಡಿಸುವುದನ್ನು ಹೇಳಿಕೊಡು ಎಂದು ಕಳಿಸುತ್ತಿದ್ದರು. ಆದರೆ ಹೋದ ಮನೆಯಲ್ಲೆಲ್ಲ ಮಾತು ಕೊನೆಗೆ ಮಗುವಿನ ಸೊಂಟದ ಕೆಳಗೇ ಬಂದು ನಿಲ್ಲುತ್ತಿತ್ತು.

ಪಿನ್ನು

ತರಬೇತಿಯಲ್ಲಿ ನಮಗೆ ಲಂಗೋಟಿ ಕಟ್ಟುವುದನ್ನು ಒಂದು ರಬ್ಬರ್ ಗೊಂಬೆಯ ಮೇಲೆ ಕಲಿಸಿದ್ದರು. ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಬೇಕು, ಮೂರು ತುದಿಯನ್ನೂ ಹೊಟ್ಟೆಯ ಮೇಲೆ ತಂದು ಸೇಫ್ಟಿ ಪಿನ್ ಹಾಕಬೇಕು. ಗೊಂಬೆ ಕಾಲು ಒದೆಯುತ್ತಿರಲಿಲ್ಲ. ಹಾಗಾಗಿ ಅದರಲ್ಲಿ ನನಗೆ ತುಂಬ ಒಳ್ಳೆಯ ಹೆಸರು ಬಂದಿತ್ತು.

ಮೊದಲ ಕೆಲಸ ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆ. ಮೊದಲ ಮನೆಗೆ ಹೋದಾಗ ಬಾಣಂತಿ ಮಲಗಿದ್ದಳು, ಅವಳ ಅತ್ತೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ಚೀಲದಿಂದ ಬಟ್ಟೆ ತೆಗೆದು, ಮಡಚಿ, ಹೊಸ ಪಿನ್ನನ್ನು ಬಿಚ್ಚಿದೆ.

"ಅದೇನವ್ವ ಅದು?" ಅಂದರು ಅಜ್ಜಿ.

"ಪಿನ್ನು ಅಜ್ಜಿ. ಬಟ್ಟೆ ಬಿಚ್ಕೋಬಾರ್ದು ಅಂತ."

"ಹನ್ನೊಂದ್ ದಿನದ ಕೂಸಿಗೆ ಸೂಜಿ ಚುಚ್ಚಕ್ಕೆ ಬಂದಿದ್ಯಾ?"

"ಮಗೂಗಲ್ಲ ಅಜ್ಜಿ, ಬಟ್ಟೆಗೆ."

"ಬಟ್ಟೆ ಎಲ್ಲೈತೆ? ಕೂಸಿನ ಮ್ಯಾಲೇ ತಾನೇ?"

ಮಗುವಿನ ಹೊಟ್ಟೆಗೆ ತಾಗದಂತೆ ನನ್ನ ಬೆರಳನ್ನು ಬಟ್ಟೆಯ ಕೆಳಗಿಟ್ಟು ಪಿನ್ ಒತ್ತಿದೆ. ಅದೇ ಗಳಿಗೆಗೆ ಮಗು ಎರಡೂ ಕಾಲು ಝಾಡಿಸಿತು. ಪಿನ್ನು ಬಟ್ಟೆ ದಾಟಿ ನೇರ ನನ್ನ ಬೆರಳಿಗೆ ಹೋಯಿತು. ನಾನು ಕಿರುಚಿದ ರಭಸಕ್ಕೆ, ಅಲ್ಲಿಯವರೆಗೆ ಅಳುತ್ತಿದ್ದ ಮಗು ಬೆರಗಾಗಿ ಸುಮ್ಮನಾಯಿತು.

ಅಜ್ಜಿ ಹಳೇ ಸೀರೆಯ ಅಂಚನ್ನು ಪರ್ರನೆ ಹರಿದು ಮಗುವಿನ ಸೊಂಟಕ್ಕೆ ದಾರದ ಹಾಗೆ ಕಟ್ಟಿದರು. ಇನ್ನೊಂದು ತುಂಡನ್ನು ಹಿಂದಿನಿಂದ ಮುಂದಕ್ಕೆ ತಂದು ಆ ದಾರಕ್ಕೆ ಸಿಕ್ಕಿಸಿದರು. ಮಗು ಎಷ್ಟು ಒದ್ದರೂ ಅದು ಅಲ್ಲಾಡಲಿಲ್ಲ. ಉಳಿದ ಚೂರಿಗೆ ಅರಿಸಿನ ಮೆತ್ತಿ ನನ್ನ ಬೆರಳಿಗೆ ಕಟ್ಟಿದರು. ಆವತ್ತಿನಿಂದ ನಾನು ಎಲ್ಲ ಮನೆಯಲ್ಲೂ ಅವರ ಕಟ್ಟನ್ನೇ ಹೇಳಿಕೊಟ್ಟೆ.

ಮುಂದಿನ ವಾರ ಆ ಬೀದಿಗೆ ಕಾಲಿಟ್ಟೆ. ಮಕ್ಕಳೆಲ್ಲ ನರ್ಸಮ್ಮ ಬಂದ್ಲು, ಸೂಜಿ ಹಾಕ್ತಾಳೆ ಅಂತ ಓಡತೊಡಗಿದವು. ಅಜ್ಜಿ ಜಗುಲಿಯಿಂದಲೇ ಕೂಗಿ ಧೈರ್ಯ ಹೇಳಿದರು: "ಓಡಬ್ಯಾಡ್ರಲೇ! ಇವ್ಳು ಸೂಜಿ ಹಾಕೋಳಲ್ಲ, ಹಾಕಿಸ್ಕಳೋಳು!"

ಅಳತೆ

ಶಿರಾದಲ್ಲಿ ಒಬ್ಬ ಟೈಲರ್ ಭಾಯ್ ಇದ್ದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣುಮಗು ಹುಟ್ಟಿತ್ತು. ನಾನು ಎಂದಿನ ಹಾಗೆ, "ಹಳೇ ಹತ್ತಿ ಬಟ್ಟೆ, ತೊಳೆದೂ ತೊಳೆದೂ ಮೆತ್ತಗಾಗಿರೋದು, ಒಂದು ಡಜನ್ ಹರಿದಿಟ್ಕೊಳ್ಳಿ" ಅಂದೆ. ಅವರ ಮುಖ ಬಾಡಿಹೋಯಿತು.

"ಸಿಸ್ಟರ್, ಒಂಬತ್ತು ವರ್ಷ ದುವಾ ಮಾಡಿ ಬಂದ ಮಗು. ಅದಕ್ಕೆ ಹಳೇ ಬಟ್ಟೇನಾ?"

ಕುತ್ತಿಗೆಯ ಟೇಪು ತೆಗೆದು, ಮಗುವಿನ ಸೊಂಟ ಸುತ್ತಿ, ಕಿವಿಯ ಮೇಲಿನ ಪೆನ್ಸಿಲಿನಿಂದ ಅಳತೆ ಬರೆದುಕೊಂಡರು. ಆಗಿನ ಹೊಸ ಮೋಜು ಟೆರಿಕಾಟ್. ಎರಡು ದಿನ ಬಿಟ್ಟು ಹೋದರೆ ಮಗುವಿಗೆ ತಿಳಿನೀಲಿ ಟೆರಿಕಾಟ್ ಲಂಗೋಟಿ! ಅಕ್ಕಪಕ್ಕ ಬಟನ್, ಅಂಚಿನ ಸುತ್ತ ಬಿಳಿ ಪೈಪಿಂಗ್ ಪಟ್ಟಿ. ಅಂಥ ಹೊಲಿಗೆ ತಾಲ್ಲೂಕು ಕಚೇರಿಯ ಸಾಹೇಬರ ಪ್ಯಾಂಟಿಗೂ ಇರಲಿಲ್ಲ. ಹೆಂಡತಿ ಮಾತ್ರ ಮೊಣಕಾಲವರೆಗೆ ನೆನೆದು ಕೂತಿದ್ದಳು.

"ಭಾಯ್, ಟೆರಿಕಾಟ್ ನೀರು ಹೀರಲ್ಲ" ಅಂದೆ.

"ಅದೇ ತಾನೇ ಸಿಸ್ಟರ್ ಅದರ ಖೂಬಿ! ತೊಳೆದು ಕೊಡವಿದರೆ ಐದು ನಿಮಿಷಕ್ಕೆ ಒಣಗ್ತದೆ."

"ಬಟ್ಟೆ ಒಣಗ್ತದೆ. ನಿಮ್ಮ ಬೀಬಿ ಒಣಗೋದು ಯಾವಾಗ?"

ಅವರ ತಾಯಿ ಒಳಗಿನಿಂದ ತಮ್ಮ ಹಳೇ ಮಲ್‌ಮಲ್ ದುಪಟ್ಟಾ ತಂದು ಮಗನ ಮುಂದಿಟ್ಟರು. "ನಿನ್ನನ್ನೂ ಇಂಥದ್ದರಲ್ಲೇ ಸುತ್ತಿದ್ದೆ. ಏನು ಕಮ್ಮಿ ಆಗಿದೆ ನಿನಗೆ?" ಅಂದರು. ಇಡೀ ಊರಿನ ಬಟ್ಟೆ ಕತ್ತರಿಸಿದವರು, ಅಮ್ಮನ ದುಪಟ್ಟಾವನ್ನು ಎರಡೆರಡು ಸಲ ಅಳೆದು ಆಮೇಲೆ ಕತ್ತರಿ ಹಾಕಿದರು. ಹನ್ನೆರಡು ಲಂಗೋಟಿಯಾದವು, ಎಲ್ಲವೂ ಅಳತೆಗೆ ಸರಿಯಾಗಿ.

ಎರಡು ವಾರದ ನಂತರ ಹೋದಾಗ ಭಾಯ್ ಮತ್ತೆ ಚಿಂತೆಯಲ್ಲಿದ್ದರು. "ಸೊಂಟ ಒಂದು ಇಂಚು ಜಾಸ್ತಿ ಆಗಿದೆ ಸಿಸ್ಟರ್. ಇಪ್ಪತ್ತು ವರ್ಷದಲ್ಲಿ ಇಂಥ ಗಿರಾಕೀನ ನೋಡಿಲ್ಲ. ನಾನು ಹೊಲಿದು ಮುಗಿಸೋದ್ರೊಳಗೆ ಬಟ್ಟೆ ಚಿಕ್ಕದಾಗ್ತದೆ."

ಪರದೆಯ ಹಿಂದಿನಿಂದ ಹೆಂಡತಿ ಹೇಳಿದಳು: "ಅವಳೊಬ್ಬಳಿಗೇ ಯಾಕೆ? ನಿಮ್ಮ ಎಲ್ಲಾ ಗಿರಾಕಿಗಳ ಕಥೆಯೂ ಅದೇ ತಾನೇ!"

ನಿಮ್ಮ ಸೇವಕ

ಪಾವಗಡದ ಕಡೆ ಒಂದು ಹಳ್ಳಿ. ಅಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಒಂದು ಮನೆಯಲ್ಲಿ ಮೂರು ತಿಂಗಳ ಗಂಡುಮಗು. ಹಿಂದಿನ ಚುನಾವಣೆಯಲ್ಲಿ ಸೋತ ಒಬ್ಬರ ಬಟ್ಟೆಯ ಬ್ಯಾನರೊಂದು ಆ ಮನೆಯ ಅಟ್ಟದಲ್ಲಿ ಉಳಿದಿತ್ತು. ಮಗುವಿನ ಅಜ್ಜಿ ಅದನ್ನೇ ಹರಿದು ಲಂಗೋಟಿ ಮಾಡಿದ್ದರು. ಮೊದಲ ಸಲ ನೋಡಿದಾಗ ನಾನೇ ಬೇಡ ಅಂದಿದ್ದೆ. ಬಟ್ಟೆ ಗಂಜಿ ಹಾಕಿದ್ದು, ಗರಿಗರಿ, ಮಗುವಿನ ತೊಡೆ ಕೆಂಪಾಗುತ್ತದೆ ಎಂದು ಹೇಳಿ ಬಂದಿದ್ದೆ.

ಅಜ್ಜಿ ಬಿಡಲಿಲ್ಲ. ಬೂದಿನೀರಿನಲ್ಲಿ ಏಳು ಸಲ ಕುದಿಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದ್ದರು. ನಾನು ಮತ್ತೆ ಹೋದಾಗ ಮುಟ್ಟಿ ನೋಡಿದರೆ ಬೆಣ್ಣೆ! "ಗಂಜಿ ಪೋಯಿಂದಮ್ಮಾ, ಅಕ್ಷರಾಲೇ ಪೋಲೇದು" ಅಂದರು. ಗಂಜಿ ಹೋಯಿತು, ಅಕ್ಷರ ಮಾತ್ರ ಹೋಗಲಿಲ್ಲ ಅಂತ.

ನಾನು ಅಲ್ಲಿರುವಾಗಲೇ ಬೀದಿಯಲ್ಲಿ ಗದ್ದಲವಾಯಿತು. ಮತ್ತೆ ಚುನಾವಣೆ ಬಂದಿತ್ತು. ಹಿಂದೆ ಸೋತಿದ್ದ ಅದೇ ಮನುಷ್ಯ ಹತ್ತು ಹದಿನೈದು ಜನರ ಜೊತೆ ಕೈ ಮುಗಿಯುತ್ತಾ ಅಂಗಳಕ್ಕೇ ಬಂದರು. ಮಗುವನ್ನು ಕಂಡರೆ ಎತ್ತಿಕೊಳ್ಳಬೇಕೆಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದಿರಬೇಕು. ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ತಲೆಯ ಮೇಲಕ್ಕೆ ಎತ್ತಿದರು.

ಎದುರಿಗೆ ನಿಂತಿದ್ದವರ ಕಣ್ಣೆಲ್ಲ ಮಗುವಿನ ಲಂಗೋಟಿಗೆ ಹೋಯಿತು. ಮಗುವಿನ ಹಿಂಬದಿಯ ಮೇಲೆ ಕೆಂಪು ಅಕ್ಷರದಲ್ಲಿ 'ನಿಮ್ಮ ಸೇವಕ' ಎಂದಿತ್ತು. ಒಬ್ಬ ಅದನ್ನು ಜೋರಾಗಿ ಓದಿಯೂ ಬಿಟ್ಟ. ನಾಯಕರು ಮಗುವನ್ನು ತಿರುಗಿಸಿ ನೋಡಿದರು. ತಮ್ಮದೇ ಬ್ಯಾನರ್! ಮಗುವಿನ ತಂದೆ ಗೋಡೆಗೆ ಅಂಟಿಕೊಂಡ.

ಅಜ್ಜಿ ಮಾತ್ರ ಹೆದರಲಿಲ್ಲ. "ತಪ್ಪು ತಿಳ್ಕೋಬೇಡ ನಾಯನಾ" ಅಂದರು. "ಗೆದ್ದೋರು ಈ ಕಡೆ ಮುಖಾನೇ ತೋರಿಸ್ಲಿಲ್ಲ. ಸೋತ ನೀನೇ ಮೂರು ತಿಂಗಳಿಂದ ಹಗಲೂ ರಾತ್ರಿ ನಮ್ಮನೆ ಸೇವೆ ಮಾಡ್ತಿದೀಯ!"

ರೇಖಾಗಣಿತ

ಮಧುಗಿರಿಗೆ ಬಂದ ಮೇಲೆ ನನಗೂ ಮಗಳು ಹುಟ್ಟಿದಳು. ಊರಿಗೆಲ್ಲ ಬುದ್ಧಿ ಹೇಳಿದ ನರ್ಸಮ್ಮನ ಮನೆಯಲ್ಲಿ ಲಂಗೋಟಿ ಒಗೆಯುತ್ತಿದ್ದವರು ನನ್ನ ಯಜಮಾನರು, ಹೈಸ್ಕೂಲಿನ ಗಣಿತದ ಮೇಷ್ಟ್ರು. ಗಂಡಸರು ಈ ಕೆಲಸ ಮಾಡಿದರೆ ಆಡಿಕೊಳ್ಳುವ ಕಾಲ ಅದು. ಅವರು ಬಚ್ಚಲಿನ ಬಾಗಿಲು ಹಾಕಿಕೊಂಡು ಒಗೆಯುತ್ತಿದ್ದರು. ಮಡಚುವುದಂತೂ ಅಳತೆ ಹಿಡಿದ ಹಾಗೆ, ಚೌಕಕ್ಕೆ ಚೌಕ.

ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಕರವಸ್ತ್ರ ಅಂದುಕೊಂಡು ಒಂದು ಲಂಗೋಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಎಂಟನೇ ತರಗತಿ, ಬಿಸಿಲು, ಬೆವರು. ಬೋರ್ಡಿನ ಮುಂದೆ ನಿಂತು ಅದನ್ನು ಕೊಡವಿ ಮುಖ ಒರೆಸಿಕೊಂಡರು. ಕಟ್ಟಲು ಹೊಲಿದಿದ್ದ ದಾರ ಎರಡೂ ಕಡೆ ಜೋತಾಡಿತು. ಹುಡುಗರು ನಗು ತಡೆಯಲಾರದೆ ಬೆಂಚಿನ ಕೆಳಗೆ ಬಗ್ಗಿದರು.

ಅವರಿಗೆ ಗೊತ್ತಾಯಿತು. ಗೊತ್ತಾದರೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲವಂತೆ. ಬಟ್ಟೆಯನ್ನು ಎತ್ತಿ ಹಿಡಿದು, "ಇದು ಚೌಕ" ಅಂದರು. ಮೂಲೆಗೆ ಮೂಲೆ ಸೇರಿಸಿ ಮಡಚಿ, "ಈಗ ಏನಾಯ್ತು?" ಎಂದು ಕೇಳಿದರು.

"ತ್ರಿಕೋನ ಸಾರ್!" ಎಂದಿತು ತರಗತಿ.

"ಸರಿ. ಇಲ್ಲಿಗೆ ಈ ಪಾಠ ಮುಗೀತು" ಎಂದು ಜೇಬಿಗೆ ಹಾಕಲು ಹೋದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ಕೈಕೂಸು ತಮ್ಮನಿದ್ದ. "ಸಾರ್, ಇನ್ನೂ ಒಂದು ಮಡಿಕೆ ಬಾಕಿ ಇದೆ. ಇಲ್ದಿದ್ರೆ ಸೋರುತ್ತೆ."

ಗೊರವನಹಳ್ಳಿ ಬಸ್ಸು

ಮಗಳಿಗೆ ಐದು ತಿಂಗಳಾದಾಗ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹೋಗಿ ಬರೋಣ ಎಂದರು ನಮ್ಮತ್ತೆ. ಅವರು, ನಾನು, ಯಜಮಾನರು ಬಸ್ಸು ಹತ್ತಿದೆವು. ಊರು ದಾಟಿ ಸ್ವಲ್ಪ ಹೊತ್ತಿಗೆ ಮಗಳು ನೆನೆದಳು. "ಚೀಲ ಕೊಡಿ" ಅಂದೆ. ಯಜಮಾನರು ಚೀಲ ಕೊಟ್ಟರು. ತೆಗೆದು ನೋಡಿದರೆ ತೆಂಗಿನಕಾಯಿ, ವೀಳ್ಯದೆಲೆ, ಅರಿಸಿನ ಕುಂಕುಮ. ಮನೆಯ ಬಾಗಿಲ ಹತ್ತಿರ ಇಟ್ಟಿದ್ದ ಎರಡು ಖಾಕಿ ಚೀಲಗಳಲ್ಲಿ ಅವರು ಒಂದನ್ನು ಮಾತ್ರ ತಂದಿದ್ದರು.

ಹೊರಗೆ ಹೊರಟರೆ ಎಂಟು ಲಂಗೋಟಿ ಇರಲೇಬೇಕು ಎಂದು ನಾಲ್ಕು ತಾಲ್ಲೂಕಿಗೆ ಹೇಳಿದ ನಾನು ಬರಿಗೈಲಿ ಕೂತಿದ್ದೆ. ಮೈಯೆಲ್ಲ ನಾಚಿಕೆ. ಮಗಳು ಚಳಿಗೆ ಚೀರಾಡುತ್ತಿದ್ದಳು, ಕಿಟಕಿಯಿಂದ ಬೇರೆ ತಣ್ಣನೆ ಗಾಳಿ. ಇದ್ದೊಂದು ಕರವಸ್ತ್ರ ಕಟ್ಟಿದೆ, ಎರಡೇ ನಿಮಿಷಕ್ಕೆ ಅದೂ ಒದ್ದೆ. ಕಂಡಕ್ಟರ್ ಪಾಪ, ಬಸ್ಸಿನ ಗಾಜು ಒರೆಸುವ ಬಟ್ಟೆ ತಂದುಕೊಟ್ಟ. ಡೀಸೆಲ್ ವಾಸನೆಗೆ ಮಗಳು ಇನ್ನೂ ಜೋರು ಮಾಡಿದಳು. ನನ್ನ ಸೀರೆಯನ್ನೇ ಹರಿಯೋಣ ಎಂದು ಸೆರಗಿಗೆ ಕೈ ಹಾಕಿದೆ.

"ತಡಿಯವ್ವ, ಒಳ್ಳೆ ಸೀರೆ ಯಾಕ್ ಹರೀತೀಯ" ಎಂದು ಹಿಂದಿನ ಸೀಟಿನಿಂದ ದನಿ ಬಂತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಕುರಿ ಕಾಯುವ ತಾತ. ಎದ್ದು ನಿಂತು ತಲೆಯ ರುಮಾಲು ಬಿಚ್ಚತೊಡಗಿದರು. ಅದು ಬಿಚ್ಚುತ್ತಲೇ ಹೋಯಿತು. "ದೇವಸ್ಥಾನಕ್ ಹೊಂಟಿವ್ನಿ ಅಂತ ನೆನ್ನೆ ತಾನೇ ಒಗ್ದಿದ್ದೆ. ತಗೋ."

ನಮ್ಮತ್ತೆಗೆ ಕಸಿವಿಸಿಯಾಯಿತು. "ಅಯ್ಯೋ ಬೇಡ ತಾತ. ತಲೆ ಮೇಲಿರೋ ಮರ್ಯಾದೆ ಬಟ್ಟೆ ಅದು. ಇದಕ್ಕೆಲ್ಲ..."

"ಬುಡು ತಾಯಿ. ಇಪ್ಪತ್ ವರ್ಸ ಬರೀ ಬಿಸ್ಲು ಕಂಡೈತೆ. ವಸಿ ನೀರೂ ಕಾಣ್ಲಿ!"

ಇಡೀ ಬಸ್ಸು ನಕ್ಕಿತು. ಯಜಮಾನರು ಒಂದು ತುದಿ, ಕಂಡಕ್ಟರ್ ಇನ್ನೊಂದು ತುದಿ ಹಿಡಿದು ಹರಿದರು. ಒಂಬತ್ತು ಲಂಗೋಟಿಯಾದವು. ಅಷ್ಟು ಮೆತ್ತನೆಯ ಬಟ್ಟೆಯನ್ನು ನನ್ನ ಇಡೀ ಕೆಲಸದಲ್ಲಿ ನಾನು ಮುಟ್ಟಿರಲಿಲ್ಲ. ಕಟ್ಟಿದ ಕೂಡಲೇ ಮಗಳು ಬಿಕ್ಕುವುದನ್ನು ನಿಲ್ಲಿಸಿ, ನಿದ್ದೆ ಹೋದಳು. ತಾತ ಬೋಳುತಲೆಯ ಮೇಲೆ ಕಂಬಳಿಯ ಮೂಲೆ ಎಳೆದುಕೊಂಡು ದೇವರ ದರ್ಶನಕ್ಕೆ ನಮ್ಮ ಜೊತೆಯೇ ಬಂದರು. ಊರು ಕೇಳಿದೆ, ಕೊರಟಗೆರೆಯ ಹತ್ತಿರದ ಹಳ್ಳಿ ಹೇಳಿದರು.

ನನಗೆ ಮನಸ್ಸು ತಡೆಯಲಿಲ್ಲ. ಮುಂದಿನ ವಾರವೇ ಮಧುಗಿರಿಯಲ್ಲಿ ಒಳ್ಳೆಯ ಹೊಸ ರುಮಾಲು ಕೊಂಡು, ಮಗಳನ್ನೂ ಎತ್ತಿಕೊಂಡು ಯಜಮಾನರ ಜೊತೆ ಆ ಹಳ್ಳಿಗೆ ಹೋದೆ. ತಾತ ಕುರಿ ಕೂಡುವ ರೊಪ್ಪದ ಹತ್ತಿರವೇ ಸಿಕ್ಕಿದರು. ತಲೆಗೆ ಒಂದು ಚಿಕ್ಕ ಟವೆಲ್ ಸುತ್ತಿಕೊಂಡಿದ್ದರು. ಮಗಳನ್ನು ನೋಡಿ ಖುಷಿಯಾದರು. ರುಮಾಲನ್ನು ಕೈಗೆ ತೆಗೆದುಕೊಂಡು, ಬಿಚ್ಚಿ, ಬೆರಳಲ್ಲಿ ಉಜ್ಜಿ ನೋಡಿದರು. ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಮಡಚಿ ನನ್ನ ಕೈಗೇ ವಾಪಸು ಇಟ್ಟರು.

"ಯಾಕೆ ತಾತ, ಹಿಡಿಸಲಿಲ್ವಾ?"

"ಬಟ್ಟೇನೋ ಚಂದಾಗೈತೆ ಕಣಮ್ಮ. ಆದ್ರೆ ಹೊಸದು, ಗರಿಗರಿ ಅಂತದೆ, ನನ್ ಬೋಳುತಲೆಗೆ ಚುಚ್ತದೆ" ಅಂದರು. ನನ್ನ ಮಗಳ ಕಡೆ ಕೈ ತೋರಿಸಿ, "ನೀನೊಂದ್ ಕೆಲ್ಸ ಮಾಡು. ಹರೀದಂಗೆ ಮಡಚಿ ಮಡಚಿ ಇವ್ಳಿಗೆ ಒಂದಾರ್ ತಿಂಗ್ಳು ಕಟ್ಟು. ಮೆತ್ತಗಾದ್ ಮ್ಯಾಲೆ ತಂದ್ಕೊಡು!"