ಮಾಲೀಕನ ವರ್ಷನ್

ಡಾಕ್ಟರ್: ಒಂದು ವರ್ಷನ್ ನಂಬರ್ ಹೇಳೋಕೆ ಇಷ್ಟು ಹೊತ್ತೇನ್ರೀ? ಆಚೆ ನಾಯಿ ಕಾಲು ಮುರ್ಕೊಂಡು ಎಕ್ಸ್‌ರೇಗೆ ಕಾಯ್ತಿದೆ.

ಗಂಡ: ಹೇಳಿದೆನಲ್ಲ, ಎರಡು ಸಾವಿರದ ಹದಿನಾರು.

ಇಂಜಿನಿಯರ್: ಅದು ಹೋಸ್ಟ್‌ದಲ್ಲ ಸರ್.

ಪಶು ಚಿಕಿತ್ಸಾಲಯದ ಹಿಂದಿನ ಕೋಣೆ. ಔಷಧಿ ಬೀರುವಿನ ಪಕ್ಕದಲ್ಲಿ ಸರ್ವರ್ ಗುಂಯ್‌ಗುಡುತ್ತಿದೆ. ಹೊಸ ಎಕ್ಸ್‌ರೇ ಯಂತ್ರಕ್ಕೆ ಸಾಫ್ಟ್‌ವೇರ್ ಹಾಕಲು ಕಂಪನಿಯಿಂದ ಬಂದ ಇಂಜಿನಿಯರ್ ಹುಡುಗಿ ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದಾಳೆ. ಡಾಕ್ಟರಮ್ಮನ ಗಂಡ ನಿವೃತ್ತರಾದ ಮೇಲೆ ಈ ಸರ್ವರನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಬೇರೆಯವರು ಅದರ ಧೂಳು ಒರೆಸುವಂತೆಯೂ ಇಲ್ಲ.

ಡಾಕ್ಟರ್: ಹೋಸ್ಟ್ ಅಂದ್ರೆ ಬೇರೆ ಏನಮ್ಮಾ?

ಇಂಜಿನಿಯರ್: ಈ ಪೆಟ್ಟಿಗೆ ಒಂದು ಮನೆ ಅಂದ್ಕೊಳ್ಳಿ ಡಾಕ್ಟ್ರೇ. ಒಳಗೆ ಬರೀ ಸಾಫ್ಟ್‌ವೇರಾಗಿ ಓಡೋ ಕಂಪ್ಯೂಟರ್‌ಗಳು, ವರ್ಚುವಲ್ ಮಷಿನ್‌ಗಳು, ಬಾಡಿಗೆಯವರು. ಅವನ್ನೆಲ್ಲ ನಡೆಸೋ ಹೋಸ್ಟ್ ಸಾಫ್ಟ್‌ವೇರ್ ಮನೆ ಮಾಲೀಕ. ಸರ್ ಹೇಳಿದ್ದು ಒಬ್ಬ ಬಾಡಿಗೆಯವನ ವರ್ಷನ್.

ಡಾಕ್ಟರ್: ಮಾಲೀಕನ ವಯಸ್ಸು ಕೇಳಿದ್ರೆ ಮಹಡಿ ಮೇಲಿನವನ ವಯಸ್ಸು ಹೇಳ್ತೀರಲ್ರೀ!

ಗಂಡ: ಒಂದೇ ಸೂರಿನಡಿ ಇರೋರು. ಹೆಚ್ಚುಕಮ್ಮಿ ಅಷ್ಟೇ ಇರುತ್ತೆ.

ಇಂಜಿನಿಯರ್: ಇರಲ್ಲ ಸರ್. ಬಾಡಿಗೆಯವರಿಗೆ ಮಾಲೀಕ ಒಬ್ಬ ಇದ್ದಾನೆ ಅನ್ನೋದೂ ಅಷ್ಟಾಗಿ ಗೊತ್ತಿರಲ್ಲ.

ಗಂಡ: ಎಂಥ ಸುಖದ ಮನೆ!

ಇಂಜಿನಿಯರ್: ಹೋಸ್ಟ್ ಏಳು ಅಥವಾ ಅದಕ್ಕಿಂತ ಮೇಲಿನ ವರ್ಷನ್ ಇದ್ರೆ ಈಗಲೇ ಹಾಕಿಬಿಡ್ತೀನಿ. ಕೆಳಗಿದ್ರೆ ಎಲ್ಲಾನೂ ನಮ್ಮ ಕಂಪನಿ ಸರ್ವರ್‌ಗೆ ಸಾಗಿಸ್ತೀವಿ, ಈ ಪೆಟ್ಟಿಗೇನೇ ಬೇಡ. ಸರ್‌ಗೂ ತಾಪತ್ರಯ ತಪ್ಪುತ್ತೆ.

‘ತಾಪತ್ರಯ’ ಎಂಬ ಮಾತಿಗೆ ಗಂಡನ ಮುಖ ಇಳಿಯಿತು. ಅವರು ಕೊನೆಯ ಬಾರಿ ನೋಡಿದಾಗ ಹೋಸ್ಟ್‌ನಲ್ಲಿದ್ದದ್ದು ವರ್ಷನ್ ಆರೂವರೆ. ಇಬ್ಬರಿಗೂ ಬೆನ್ನು ಅಡ್ಡ ಮಾಡಿ ಪರದೆಯ ಮೇಲೆ ಇನ್ನೊಂದು ಕಿಟಕಿ ತೆರೆದರು.

ಗಂಡ: ಇಗೋ, ಹನ್ನೆರಡು! ನೀನು ಕೇಳಿದ್ದಕ್ಕಿಂತ ಜಾಸ್ತೀನೇ ಇದೆ. ಮಿಕ್ಕಿದ್ದು ನೀನೇ ಇಟ್ಕೋ.

ಇಂಜಿನಿಯರ್: ಅದು ಸರ್ವರನ್ನ ನೋಡೋಕೆ ನೀವು ಬಳಸೋ ಪ್ರೋಗ್ರಾಂನ ನಂಬರ್ ಸರ್.

ಡಾಕ್ಟರ್: ಅಂದ್ರೆ ನಿಮ್ಮ ಕನ್ನಡಕದ ನಂಬರ್!

ಗಂಡ: ಹಾಗಾದ್ರೆ ಪೆಟ್ಟಿಗೆ ಹಿಂದೆ ಅಂಟಿಸಿದ್ದಾರಲ್ಲ, ಅದು ಓದ್ಲಾ?

ಇಂಜಿನಿಯರ್: ಅದು ಪೆಟ್ಟಿಗೆಯ ಮಾಡೆಲ್. ಹೋಸ್ಟ್‌ಗೇ ಲಾಗಿನ್ ಆಗಿ ಒಂದು ಸಾಲು ಟೈಪ್ ಮಾಡಿ ಸರ್, ಅದೇ ಬಾಯಿಬಿಟ್ಟು ಹೇಳುತ್ತೆ.

ಗಂಡ: ಓಡ್ತಿರೋದನ್ನ ಮುಟ್ಟಬಾರದು ತಾಯಿ. ಮುಟ್ಟದೇ ಇರೋದಕ್ಕೇ ಇದು ಇಷ್ಟು ವರ್ಷ ಒಂದು ಸಲಾನೂ ಕೆಮ್ಮಿಲ್ಲ, ಸೀನಿಲ್ಲ.

ಡಾಕ್ಟರ್: ಕಚ್ಚೋ ನಾಯಿಗಳ ಬಾಯಿ ಬಿಡಿಸಿ ಹಲ್ಲು ನೋಡೋಳು ನಾನು. ನಿಮ್ಮದಕ್ಕೆ ಹಲ್ಲೂ ಇಲ್ಲ.

ಗಂಡ: ಹಾಗೆಲ್ಲ ಹೋಗಿ ವಯಸ್ಸು ಕೇಳಿದ್ರೆ ಬೇಜಾರಾಗಲ್ವಾ?

ಡಾಕ್ಟರ್: ಯಾರಿಗೆ? ಅದಕ್ಕಾ, ನಿಮಗಾ?

ಆಚೆಯಿಂದ ನಾಯಿ ಸಣ್ಣಗೆ ಕುಂಯ್‌ಗುಟ್ಟಿತು. ಗಂಡ ಬಾಗಿಲ ಕಡೆ ನೋಡಿದರು. ಆಮೇಲೆ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಗಂಡ: ಪಾಪ, ಅದೇನು ತಪ್ಪು ಮಾಡಿದೆ. ನೋಡಮ್ಮಾ, ಆರೂವರೆ ಅಂತ ಬರುತ್ತೆ. ನನಗೆ ಮೊದಲೇ ಗೊತ್ತು. ಪೆಟ್ಟಿಗೆ ಹೊರೋಕೆ ಯಾರನ್ನಾದ್ರೂ ಕರೆಸು.

ಕಪ್ಪು ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಉತ್ತರ ಬರುವಾಗ ಕಣ್ಣು ಮುಚ್ಚಿಕೊಂಡರು.

ಇಂಜಿನಿಯರ್: ಸರ್, ಎಂಟು!

ಗಂಡ: ಏನೆಂಟು?

ಇಂಜಿನಿಯರ್: ವರ್ಷನ್ ಎಂಟು. ಇಷ್ಟು ಚೆನ್ನಾಗಿ ಅಪ್‌ಡೇಟ್ ಮಾಡಿಟ್ಟು ಸುಮ್ಮನೆ ಆಟ ಆಡಿಸಿದ್ರಲ್ಲ! ಬಂದೆ, ಈಗಲೇ ಹಾಕ್ತೀನಿ.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಎಕ್ಸ್‌ರೇ ಕೋಣೆಗೆ ಓಡಿದಳು. ಡಾಕ್ಟರ್ ಬಹಳ ಶ್ರದ್ಧೆಯಿಂದ ಕೈಗವಸು ಹಾಕಿಕೊಳ್ಳತೊಡಗಿದರು.

ಗಂಡ: ನಾನು ಮಾಡಿದ್ದಲ್ಲ ಕಣೇ ಇದು.

ಡಾಕ್ಟರ್: ಹೋದ ಬೇಸಿಗೆಯಲ್ಲಿ ನೀವು ತಂಗಿ ಮನೆಗೆ ಹೋಗಿದ್ರಲ್ಲ, ಆಗ ಇದು ಮಲಗಿಬಿಡ್ತು. ಯಾರನ್ನೋ ಕರೆಸಿದೆ. ಏನೋ ಹೊಸದು ಹಾಕಿ ಎಬ್ಬಿಸಿ ಹೋದ. ಅದಕ್ಕೆ ಏಳೋ ಎಂಟೋ, ನನಗೇನು ಗೊತ್ತು?

ಗಂಡ: ಪಾಸ್‌ವರ್ಡ್?

ಡಾಕ್ಟರ್: ನಾನು ಹುಟ್ಟಿದ ತಾರೀಕು ಹಾಕಿದೆ, ತೆರೀಲಿಲ್ಲ. ಆಮೇಲೆ, ಪ್ರತಿವರ್ಷ ಮಾರನೇ ದಿನ ಬಂದು ಶುಭಾಶಯ ಹೇಳ್ತೀರಲ್ಲ, ಆ ತಾರೀಕು ಹಾಕಿದೆ. ತೆರ್ಕೊಂಡ್ತು.

ಗಂಡ: ನನಗೊಂದು ಮಾತು ಹೇಳಬಾರದಿತ್ತಾ?

ಡಾಕ್ಟರ್: ಹೇಳಬೇಕು ಅಂತಲೇ ಇದ್ದೆ. ನೀವು ಊರಿಂದ ಬಂದವರೇ ಚೀಲ ಕೂಡ ಇಳಿಸದೆ ಇದರ ಮುಂದೆ ನಿಂತ್ರಿ.

ಗಂಡ: ಹೌದು, ‘ನಾನಿಲ್ಲದಿದ್ರೂ ಎಷ್ಟು ಚುರುಕಾಗಿ ಓಡ್ತಿದೆ ನೋಡು’ ಅಂದೆ. ಅದಕ್ಕೆ ನೀನೇನಂದೆ?

ಡಾಕ್ಟರ್: ‘ಎಲ್ಲಾ ನಿಮ್ಮ ಕೈಗುಣ’ ಅಂದೆ.