ಎಪ್ಪತ್ತೆರಡು ಮೆಟ್ಟಿಲ ಪಥ್ಯ

೧೯೯೪ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ ನಾನು ಓದು ನಿಲ್ಲಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಮಾಡಿದ್ದು ಒಂದೇ ಕೆಲಸ, ತೂಕದ ಯಂತ್ರದ ರಿಪೇರಿ. ಪೀಣ್ಯದ ಅಕ್ಕಿ ಅಂಗಡಿಯವರು, ಗುಜರಿಯವರು, ಬೋಲ್ಟು ನಟ್ಟು ಮಾಡುವ ಕಾರ್ಖಾನೆಯವರು, ಯಾರೂ ಈವರೆಗೆ ನನ್ನ ಕೈ ದಾಟಿ ಹೋದ ಯಂತ್ರ ತಪ್ಪು ತೋರಿಸಿತು ಎಂದು ವಾಪಸು ತಂದಿಲ್ಲ. ಸರ್ಕಾರದ ಮುದ್ರೆ ಹಾಕಲು ಬರುವ ಇನ್ಸ್‌ಪೆಕ್ಟರ್ ಕೂಡ ನನ್ನ ಯಂತ್ರವನ್ನು ಅರ್ಧ ಮನಸ್ಸಿನಿಂದಲೇ ಪರೀಕ್ಷೆ ಮಾಡುತ್ತಾರೆ. ಇಡೀ ಬೆಂಗಳೂರಿನಲ್ಲಿ ನನ್ನ ಯಂತ್ರ ಸುಳ್ಳು ಹೇಳುತ್ತದೆ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯರು ಒಬ್ಬರೇ. ಏನು ಮಾಡುವುದು, ಅವರು ನನ್ನ ಅಕ್ಕನ ಗಂಡ!

ಭಾವನ ಮೇಲೆ ನನಗೆ ಕೋಪ ಮಾಡಿಕೊಳ್ಳುವ ಹಕ್ಕಿಲ್ಲ. ಶಾಲೆ ಬಿಟ್ಟು ಬೀದಿ ಸುತ್ತುತ್ತಿದ್ದ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಕ್ಕಡಿ ರಿಪೇರಿ ಅಂಗಡಿಗೆ ಸೇರಿಸಿದವರೇ ಅವರು. ಸೇರಿದ ಎರಡನೇ ವರ್ಷ ಒಬ್ಬ ಗುಜರಿಯವನು ನನಗೆ ಒಂದು ಪ್ಲೇಟು ಬಜ್ಜಿ ಕೊಡಿಸಿ, ತೂಕ ಕಡಿಮೆ ತೋರುವ ಹಾಗೆ ತನ್ನ ಯಂತ್ರದೊಳಗೆ ನನ್ನ ಕೈಯಿಂದ ಒಂದು ಚೂರು ಸೀಸ ಅಂಟಿಸಿಕೊಂಡ. ಎಲ್ಲಿ ಅಂಟಿಸಬೇಕೆಂದು ನನಗೆ ಗೊತ್ತಿತ್ತಲ್ಲ, ಅದೇ ಹೆಮ್ಮೆ. ಸಂಜೆ ಊಟಕ್ಕೆ ಕೂತಾಗ ಹೇಳಿಕೊಂಡೆ. ಭಾವ ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟರು. "ಮೊದ್ಲು ಅದ್ನ ಸರಿ ಮಾಡ್ಬಾ. ಆಮೇಲೆ ಊಟ" ಎಂದರು. ಸೈಕಲ್ ಮೇಲೆ ಕರೆದುಕೊಂಡು ಹೋಗಿ, ನಾನು ಸೀಸ ಕೀಳುವವರೆಗೆ ಗುಜರಿ ಅಂಗಡಿಯ ಮುಂದೆ ಬೀಡಿ ಸೇದುತ್ತಾ ಕೂತಿದ್ದರು. ಅಂಥ ಮನುಷ್ಯರು ಅರವತ್ತರ ಹತ್ತಿರ ಬಂದಾಗ ಯಂತ್ರದ ಮೇಲೇ ಅನುಮಾನ ಪಡುವುದೆಂದರೆ!

ಕಥೆ ಶುರುವಾದದ್ದು ಮಂಡಿಯಿಂದ. ಹೊಲ ಇದ್ದ ಜಾಗದಲ್ಲಿ ಭಾವ ಒಂದು ಕಟ್ಟಡ ಎಬ್ಬಿಸಿದ್ದಾರೆ. ನೆಲ ಅಂತಸ್ತು, ಅದರ ಮೇಲೆ ನಾಲ್ಕು. ಕೆಳಗಿನವೆಲ್ಲ ಬಾಡಿಗೆಗೆ ಕೊಟ್ಟು, ಗಾಳಿ ಬರುತ್ತದೆಂದು ತಾವು ನಾಲ್ಕನೆಯದರಲ್ಲಿ ನಿಂತರು. ಲಿಫ್ಟಿಗೆ ಜಾಗ ಬಿಡಿ ಎಂದು ಮೇಸ್ತ್ರಿ ಹೇಳಿದ್ದನಂತೆ. ಆ ಜಾಗದಲ್ಲಿ ಇನ್ನೊಂದು ರೂಮು ಬರುತ್ತದೆ, ತಮಗೇನು ಕಾಲಿಲ್ಲವೇ ಎಂದರಂತೆ. ಕಾಲು ಇತ್ತು. ಎಪ್ಪತ್ತೆರಡು ಮೆಟ್ಟಿಲು ದಿನಾ ಹತ್ತಿ ಇಳಿದು ಹತ್ತು ವರ್ಷದಲ್ಲಿ ಮಂಡಿ ಎರಡೂ ಸವೆದವು. ಆಪರೇಷನ್ನೇ ಆಗಬೇಕು, ಆದರೆ ತೊಂಬತ್ತನಾಲ್ಕು ಕೆಜಿ ಇರುವ ಮೈ ಮೇಲೆ ಕೈ ಹಾಕುವುದಿಲ್ಲ, ಎಂಬತ್ತಾರಕ್ಕೆ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರು ಕಳಿಸಿಬಿಟ್ಟರು. ಇಳಿಸದಿದ್ದರೆ? ಇನ್ನೊಂದು ವರ್ಷದಲ್ಲಿ ಭಾವ ತಾವೇ ಕಟ್ಟಿದ ಕಟ್ಟಡದ ತುದಿಯಲ್ಲಿ, ಕೆಳಗಿಳಿಯಲಾರದೆ ಕೂತಿರಬೇಕು. ಅಷ್ಟೇ.

ಎಂಟು ಕೆಜಿ ಎಷ್ಟರ ಮಾತು ಎಂದು ಭಾವ ಪಥ್ಯ ಹಿಡಿದರು. ಮೂರು ಮುದ್ದೆ ತಿನ್ನುತ್ತಿದ್ದವರು ಒಂದಕ್ಕೆ ಇಳಿದರು. ಅಕ್ಕ ಆ ಒಂದನ್ನು ಕಟ್ಟುವುದನ್ನು ನೋಡಿ ನನಗೆ ಸಂಶಯ ಬಂತು. ತೂಕ ಹಾಕಿದೆ. ಎಂಟುನೂರ ಹತ್ತು ಗ್ರಾಂ! ಒಂದು ಮುದ್ದೆ ಅಂತ ತಾನೇ ಹೇಳಿದ್ದು, ಎಷ್ಟು ದೊಡ್ಡದು ಅಂತ ಯಾರೂ ಹೇಳಲಿಲ್ಲವಲ್ಲ ಎಂದು ಅಕ್ಕನ ವಾದ. ಅಂದಿನಿಂದ ನನ್ನ ಅಂಗಡಿಯ ಚಿಕ್ಕ ತಕ್ಕಡಿಯೊಂದು ಅವರ ಅಡುಗೆಮನೆಗೆ ಹೋಯಿತು, ಮುದ್ದೆ ಇನ್ನೂರು ಗ್ರಾಮಿಗೆ ನಿಂತಿತು. ಅದರ ಜೊತೆಗೆ ವ್ಯಾಯಾಮ. ಡಾಕ್ಟರು ಹೇಳಿದ್ದು ಸಮತಟ್ಟು ನೆಲದ ಮೇಲೆ ನಿಧಾನವಾಗಿ ನಡೆಯಿರಿ ಎಂದು. ಭಾವ ಅದಕ್ಕೆ ತಮ್ಮದೇ ತಿದ್ದುಪಡಿ ಮಾಡಿಕೊಂಡು ದಿನಕ್ಕೆ ಮೂರು ಸಲ ಎಪ್ಪತ್ತೆರಡು ಮೆಟ್ಟಿಲು ಇಳಿದು ಹತ್ತಲು ಶುರು ಮಾಡಿದರು. ಮೆಟ್ಟಿಲಿಂದ ಕೆಟ್ಟದ್ದು ಮೆಟ್ಟಿಲಿಂದಲೇ ಸರಿಹೋಗಬೇಕು ಎಂಬುದು ಅವರ ವೈದ್ಯಶಾಸ್ತ್ರ.

ತಿಂಗಳಾದ ಮೇಲೆ ನನ್ನ ಅಂಗಡಿಗೆ ಬಂದು, ಮೂಟೆ ತೂಗುವ ಯಂತ್ರದ ಮೇಲೆ ನಿಂತರು. ತೊಂಬತ್ತೈದು ಕೆಜಿ ಎಂಟುನೂರು.

ಭಾವ ಇಳಿದರು. ಚಪ್ಪಲಿ, ವಾಚು, ಜೇಬಿನ ಮೊಬೈಲು, ಬೀಗದ ಕೈ ಗೊಂಚಲು, ಎಲ್ಲ ತೆಗೆದಿಟ್ಟು ಮತ್ತೆ ಹತ್ತಿದರು. ಸಾಲಲಿಲ್ಲ. ಒಳಗೆ ಹೋಗಿ ಸೊಂಟದ ಬೆಳ್ಳಿ ಉಡಿದಾರವನ್ನೂ ಬಿಚ್ಚಿ ತಂದು ಮೇಜಿನ ಮೇಲಿಟ್ಟರು. ಅದನ್ನು ನಾನು ಬೇರೆ ತೂಗಬೇಕಾಯಿತು, ಅರವತ್ತೆರಡು ಗ್ರಾಂ. ಉಳಿದದ್ದಕ್ಕೆ ಯಾರು ಹೊಣೆ? ನನ್ನ ಯಂತ್ರ!

"ಕಲ್ಲಿಡು" ಎಂದರು.

ನಮ್ಮ ಕಸುಬಿನಲ್ಲಿ ಯಂತ್ರ ಪರೀಕ್ಷೆ ಮಾಡುವ ಕಬ್ಬಿಣದ ತೂಕಕ್ಕೆ ಕಲ್ಲು ಎನ್ನುತ್ತೇವೆ. ಇಪ್ಪತ್ತು ಕೆಜಿಯ ಕಲ್ಲಿಟ್ಟೆ. ಇಪ್ಪತ್ತು ಎಂದು ತೋರಿಸಿತು, ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಭಾವ ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಕಲ್ಲಿಗೆ ಸರಿಯಾಗಿ ಹೇಳುತ್ತದೆ, ಮನುಷ್ಯರಿಗೆ ಹೇಳುವುದಿಲ್ಲ ಎಂದು ತೀರ್ಪು ಕೊಟ್ಟು ಉಡಿದಾರ ಎತ್ತಿಕೊಂಡು ಹೊರಟರು. ಮುಂದಿನ ವಾರ ಬಂದಾಗ ಹೊಸ ಸುದ್ದಿ ತಂದಿದ್ದರು. ಪಕ್ಕದ ಬೀದಿಯ ಜಿಮ್ಮಿನ ಹುಡುಗ, ವ್ಯಾಯಾಮ ಮಾಡಿದರೆ ಕೊಬ್ಬು ಹೋಗಿ ಮಸಲ್ ಬರುತ್ತದೆ, ಅದಕ್ಕೇ ತೂಕ ಜಾಸ್ತಿ ಎಂದಿದ್ದನಂತೆ. ಹೊಟ್ಟೆ ತಟ್ಟಿಕೊಂಡು, "ಇದು ಕೊಬ್ಬಲ್ಲ ಕಣ್ಲಾ" ಎಂದರು. ಹೊಟ್ಟೆ ತಟ್ಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇತ್ತು.

ಎರಡನೇ ತಿಂಗಳು ತೊಂಬತ್ತೇಳು ಕೆಜಿ ಇನ್ನೂರು. ಈಗ ನನಗೇ ಹೆದರಿಕೆಯಾಯಿತು. ಇನ್ನೂರು ಗ್ರಾಂ ಮುದ್ದೆ ತಿಂದು, ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಮೂರು ಕೆಜಿ ಏರುವುದೆಂದರೆ ಏನು? ಒಳಗೆ ಏನೋ ಕಾಯಿಲೆಯಿರಬೇಕೆಂದು ಅಕ್ಕ ಅತ್ತಳು. ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿಯಿತ್ತು. ಯಂತ್ರ ತಪ್ಪಿದರೆ ಅದು ಕೆಲಸ ಮಾಡುವ ಜಾಗದಲ್ಲೇ ನಿಂತು ನೋಡಬೇಕು, ಇದು ನನ್ನ ಕಸುಬು ಕಲಿಸಿದ ಪಾಠ. ಒಂದು ಭಾನುವಾರ ಭಾವನ ಹಿಂದೆ ನಾನೂ ಮೆಟ್ಟಿಲು ಹತ್ತಿದೆ.

ಹತ್ತುವ ಮುಂಚೆ ನೆಲ ಅಂತಸ್ತಿನ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಸಂಸಾರ ಅಲ್ಲಿದೆ. ಮನೆಯಾಕೆ ತಟ್ಟೆ ಹಿಡಿದು ಬಂದಳು. "ಒಂದ ರೊಟ್ಟಿ ತಿನ್ರೀ ಮಾಲಕ್ರ, ಬಿಸಿ ಅದ." ರೊಟ್ಟಿ ಒಂದೇ, ಆದರೆ ಅದರ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಬೆಣ್ಣೆ. ಹದಿನೆಂಟು ಮೆಟ್ಟಿಲು ಹತ್ತಿದರೆ ಇನ್ನೊಂದು ಕುರ್ಚಿ, ಗಾರ್ಮೆಂಟ್ಸಿಗೆ ಹೋಗುವ ಧರ್ಮಪುರಿಯಾಕೆಯ ಕಡಲೆ ಉಸಲಿ. ಎರಡನೇ ಅಂತಸ್ತಿನಲ್ಲಿ ಲೇತ್ ಮೆಷಿನ್ ನಡೆಸುವ ಒಡಿಶಾದ ಹುಡುಗರ ಆಲೂಗಡ್ಡೆ ಪಕೋಡ. ಮೂರನೆಯದರಲ್ಲಿ ನಿವೃತ್ತ ಬಸ್ ಕಂಡಕ್ಟರ್ ದಂಪತಿಯ ಕೋಡುಬಳೆ, ಕಾಫಿ. ಓನರಿಗೆ ಮಂಡಿ ನೋವು, ಪಾಪ, ಕೂತು ಹೋಗಲಿ ಎಂದು ಎಲ್ಲರೂ ಕುರ್ಚಿ ಹಾಕಿದ್ದರು. ಕೂತವರನ್ನು ಏನೂ ಕೊಡದೆ ಕಳಿಸಲಾಗುತ್ತದೆಯೇ? ಹೀಗೆ ದಿನಕ್ಕೆ ಮೂರು ಸಲ. ನಾಲ್ಕನೇ ಅಂತಸ್ತು ಮುಟ್ಟಿದ ಮೇಲೆ ಭಾವ ಕೈ ತೊಳೆದು, ಇನ್ನೂರು ಗ್ರಾಂ ಮುದ್ದೆಯನ್ನು ಸನ್ಯಾಸಿಯ ಹಾಗೆ ಉಂಡರು.

ನನಗೆ ನಗು ಬಂತು, ಸಿಟ್ಟೂ ಬಂತು. ಬೇಡ ಅನ್ನೋಕೆ ಬಾಯಿಲ್ಲವೇ ಎಂದು ಕೇಳಿದೆ.

"ಬ್ಯಾಡ ಅಂದೆ ಕಣ್ಲಾ, ಒಂದಿನ" ಎಂದರು. "ಸಾಯಂಕಾಲ ಯಾದಗಿರಿಯೋನು ಮ್ಯಾಕೆ ಬಂದು, ಬಾಡಿಗೆ ಎಷ್ಟು ಜಾಸ್ತಿ ಮಾಡ್ತೀರಿ ಅಂತ ಕೇಳ್ದ. ಓನರ್ ತಿನ್ನಲ್ಲ ಅಂದ್ರೆ ಏನೋ ಐತೆ ಅಂತ ಅವ್ರಿಗೆ. ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ಗಂಡ ಹೆಂಡ್ತಿ. ತಿಂದ್ಬಿಟ್ರೆ ನಾಕು ಮನೆ ನಿದ್ದೆ ಮಾಡ್ತವೆ."

ಹಾಗಾದರೆ ನೆಲ ಅಂತಸ್ತನ್ನು ಖಾಲಿ ಮಾಡಿಸಿ ನೀವೇ ಕೆಳಗೆ ಬನ್ನಿ, ಮೆಟ್ಟಿಲೇ ಬೇಡ ಎಂದೆ. ಏಳು ವರ್ಷದಿಂದ ಇದ್ದಾರೆ, ಎಲ್ಲಿಗೆ ಹೋಗಬೇಕು ಎಂದು ಕೇಳಿ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಆ ವಾರವೇ ಡಾಕ್ಟರನ್ನು ನೋಡುವ ದಿನವಿತ್ತು. ತೊಂಬತ್ತೇಳು ನೋಡಿ ಅವರು ಫೈಲು ಮುಚ್ಚಿದರಂತೆ. ಮನೆಗೆ ಬಂದ ಭಾವ ಮರುದಿನ ಮೆಟ್ಟಿಲಿಳಿಯಲಿಲ್ಲ. ಅದರ ಮರುದಿನವೂ ಇಳಿಯಲಿಲ್ಲ. ಅಕ್ಕ ಫೋನು ಮಾಡಿ, ಬಾಲ್ಕನಿಯಲ್ಲಿ ಕೂತು ಕೆಳಗೆ ಬೀದಿ ನೋಡುತ್ತಿರುತ್ತಾರೆ, ಯಾರಿಗೂ ಬೈಯುವುದೂ ಇಲ್ಲ ಎಂದಳು. ಭಾವ ಬೈಯುವುದಿಲ್ಲವೆಂದರೆ ಅದು ಸಣ್ಣ ವಿಷಯವಲ್ಲ.

ಆಗ ನಾನೊಂದು ಕೆಲಸ ಮಾಡಿದೆ. ಅಂಗಡಿಯ ಬಾಗಿಲು ಮುಂದೆ ಮಾಡಿ, ಒಂದು ಯಂತ್ರ ತೆಗೆದುಕೊಂಡು, ನೂರಕ್ಕೆ ತೊಂಬತ್ತೇಳು ತೋರಿಸುವ ಹಾಗೆ ತಿರುಗಿಸಿದೆ. ಬಜ್ಜಿ ತಿಂದ ದಿನದ ನಂತರ ಮೊದಲನೇ ಸಲ. ಮೂರು ಕೆಜಿ ಇಳಿದದ್ದು ಕಂಡರೆ ಹುಮ್ಮಸ್ಸು ಬರಬಹುದು, ಎದ್ದು ಓಡಾಡಬಹುದು ಎಂದು. ಎಪ್ಪತ್ತೆರಡು ಮೆಟ್ಟಿಲು ಯಂತ್ರ ಹೊತ್ತು ಹತ್ತಿದೆ. ಸಲಕರಣೆ ಚೀಲದಲ್ಲಿ ಕಲ್ಲು ಇದ್ದೇ ಇತ್ತು, ಅದನ್ನು ಬಿಟ್ಟು ಹೋಗಿ ಅಭ್ಯಾಸವಿಲ್ಲ.

ಭಾವ ನಿಂತರು. ತೊಂಬತ್ತನಾಲ್ಕು ಮುನ್ನೂರು. ಅಕ್ಕ ಕೈ ಮುಗಿದು ಗೋಡೆಯ ದೇವರ ಪಟ ನೋಡಿದಳು. ಭಾವ ನಗಲಿಲ್ಲ. ಇಳಿದು, ಎಂದಿನಂತೆ "ಕಲ್ಲಿಡು" ಎಂದರು.

ಇಷ್ಟು ದಿನ ತೂಕ ಏರಿದಾಗಲೆಲ್ಲ ಕಲ್ಲು ಕೇಳಿದವರು, ಇಳಿದಾಗ ಕೇಳುತ್ತಾರೆಂದು ನನಗೆ ಹೊಳೆದಿರಲಿಲ್ಲ. ಇಡದೆ ವಿಧಿಯಿಲ್ಲ. ಇಪ್ಪತ್ತು ಕೆಜಿಯ ಕಲ್ಲು ಹತ್ತೊಂಬತ್ತು ನಾನೂರು ತೋರಿಸಿತು.

"ಈ ಮನೇಲಿ ಸುಳ್ಳು ಹೇಳಕ್ಕೆ ನಾನೊಬ್ಬ ಸಾಕು ಕಣ್ಲಾ" ಎಂದರು ಭಾವ, ಮೆಲ್ಲಗೆ. "ಇದ್ಕೂ ಯಾಕ್ ಕಲಿಸ್ದೆ?"

ಅಕ್ಕ ವಾತಾವರಣ ಬದಲಿಸಲೆಂದು ನನಗೆ ತಟ್ಟೆ ಹಾಕಿದಳು. ಭಾವ ಆ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟರು.

"ಮೊದ್ಲು ಇದ್ನ ಸರಿ ಮಾಡು. ಆಮೇಲೆ ಊಟ."

ಅವರ ಎದುರಿಗೇ ಕೂತು ಸರಿ ಮಾಡಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು. ಮತ್ತೆ ಹತ್ತಿ ನಿಂತರು, ತೊಂಬತ್ತೇಳು ಇನ್ನೂರು. ಈಗ ಸರಿಯಾಗಿದೆ ಎಂದು ತಲೆಯಾಡಿಸಿದರು. ನನ್ನ ಯಂತ್ರವನ್ನು ಅವರು ಒಪ್ಪಿಕೊಂಡದ್ದು ಅದೇ ಮೊದಲು. ಊಟವಾದ ಮೇಲೆ ನನ್ನ ಹೆಗಲು ಹಿಡಿದು ಕೆಳಗಿಳಿದು, ನಾಲ್ಕೂ ಬಾಗಿಲಲ್ಲಿ ನಿಂತು, ಮೂರು ವರ್ಷ ಬಾಡಿಗೆ ಜಾಸ್ತಿ ಮಾಡುವುದಿಲ್ಲ, ಕುರ್ಚಿ ಇರಲಿ, ತಟ್ಟೆ ಬೇಡ ಎಂದು ಹೇಳಿದರು. ಯಾದಗಿರಿಯಾಕೆ ನಂಬಲಿಲ್ಲ. ದಿನಾ ಅರ್ಧ ಸೌತೆಕಾಯಿಯನ್ನಾದರೂ ತಿನ್ನಬೇಕೆಂದು ಕರಾರು ಮಾಡಿಸಿಕೊಂಡಳು.

ಅದಾಗಿ ಐದು ತಿಂಗಳು. ಸದ್ಯ ನನ್ನ ಹತ್ತಿರ ಇರುವುದು ಒಂದು ಅಂಗಡಿ, ರಿಪೇರಿಗೆ ಬಂದ ಒಂಬತ್ತು ಯಂತ್ರ, ಇಪ್ಪತ್ತು ಕೆಜಿಯ ನಾಲ್ಕು ಕಲ್ಲು, ಒಬ್ಬಳು ಅಕ್ಕ, ಮತ್ತು ಉಡಿದಾರ ಬಿಟ್ಟು ಎಂಬತ್ತೆಂಟು ಕೆಜಿ ಆರುನೂರು ಗ್ರಾಂ ಭಾವ.