ಕಣ್ಣೆದುರಿನ ಮಂತ್ರಿ

ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಬಸ್ಸಿನಲ್ಲಿ ಪದ್ಮಾಬಾಯಿ ಮಗ ಸುಮೇಧನಿಗೆ ಒಂದು ಬುದ್ಧಿಮಾತು ಹೇಳಿದರು. ಎಲ್ಲ ಫಜೀತಿಯೂ ಅಲ್ಲಿಂದಲೇ ಶುರುವಾಯಿತು.

"ಹುಡುಗಿ ಅಪ್ಪಗ ಚದುರಂಗದ ಹುಚ್ಚು ಭಾಳ. ನಿನಗೂ ಆಡು ಅಂತಾರ. ಗೆದ್ದುಗಿದ್ದಿ ಮತ್ತ. ಸೋತು ಸುಮ್ನ ಎದ್ದು ಬಾ."

ಸುಮೇಧ ಕಾಲೇಜಿನಲ್ಲಿ ಗಣಿತ ಕಲಿಸುವವನು. ಚದುರಂಗದಲ್ಲಿ ಸಹೋದ್ಯೋಗಿಗಳಿಗೆಲ್ಲ ಮಣ್ಣು ಮುಕ್ಕಿಸಿದವನು. ಆದರೆ ಫೋನಿನಲ್ಲಿ ಎರಡು ಸಲ ಮಾತಾಡಿದ್ದಕ್ಕೇ ಆ ಹುಡುಗಿ ಪದ್ಮಜಾ ಅವನ ಮನಸ್ಸಿನಲ್ಲಿ ಕೂತುಬಿಟ್ಟಿದ್ದಳು. ಅವಳಿಗಾಗಿ ಒಂದು ಆಟವೇನು, ಹತ್ತು ಆಟ ಸೋಲಲೂ ಅವನು ತಯಾರಿದ್ದ.

ಹೆಣ್ಣು ನೋಡುವ ಶಾಸ್ತ್ರ ಸುಸೂತ್ರವಾಗಿ ಮುಗಿಯಿತು. ಅವಲಕ್ಕಿ ತಿಂದದ್ದಾಯಿತು, ಹುಡುಗ ಹುಡುಗಿ ಮಾತಾಡಿ ನಕ್ಕದ್ದೂ ಆಯಿತು. ಉಳಿದದ್ದು ಹುಡುಗಿಯ ತಂದೆ ವಿಜಯೀಂದ್ರರಾಯರ ಹೂಂ ಒಂದೇ. ರಾಯರು ಅದರ ಬದಲು ಪಡಸಾಲೆಗೆ ಚದುರಂಗದ ಮಣೆ ತಂದರು. ಮದುವೆಯೂಟದ ವಾಸನೆ ಹಿಡಿದವರಂತೆ ನೆರೆಮನೆಯ ಅತೀಕ ಸಾಹೇಬರೂ ಎಲೆಬಳ್ಳಿ ತೋಟದ ಹುಚ್ಚಪ್ಪನೂ ಬಂದು ಅಕ್ಕಪಕ್ಕ ಕೂತರು.

ಸುಮೇಧ ಬೆವರು ಸುರಿಸಿ ಸೋತ. ಗೆಲ್ಲುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು, ಏಕೆಂದರೆ ರಾಯರು ಅವನಿಗಿಂತ ಕೆಟ್ಟದಾಗಿ ಆಡುತ್ತಿದ್ದರು.

ಸೋತ ನೆಮ್ಮದಿಯಲ್ಲಿ ಏಳಬೇಕೆನ್ನುವಾಗ ಹುಚ್ಚಪ್ಪ ಅವನನ್ನು ಕೈಹಿಡಿದು ಕೂರಿಸಿದ. ಮುಗಿದ ಆಟದ ಒಂದೊಂದು ನಡೆಯ ಪಂಚನಾಮೆ ಆಗದೆ ಆ ಪಡಸಾಲೆಯಿಂದ ಯಾರೂ ಏಳುವಂತಿರಲಿಲ್ಲ. ಕಾಯಿಗಳೆಲ್ಲ ಮತ್ತೆ ಹಿಂದಿನ ಮನೆಗಳಿಗೆ ಮರಳಿದವು.

"ಇಲ್ನೋಡ್ರಿ," ಎಂದ ಹುಚ್ಚಪ್ಪ. "ರಾಯರ ಮಂತ್ರಿ ನಿಮ್ಮ ಆನಿ ಮುಂದ ಬಂದು ನಿಂತೈತಿ. ಕಾಯಾಕ ಒಂದು ನರಪಿಳ್ಳಿ ಇಲ್ಲ. ಅದನ್ನ ಬಿಟ್ಟು ನೀವು ಮೂಲ್ಯಾಗಿನ ಕಾಲಾಳು ಸರಿಸೀರಿ."

ಅತೀಕ ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಮುಂದೊಂದು ಕಡೆ ರಾಯರ ರಾಜ ತನ್ನದೇ ಕಾಲಾಳುಗಳ ಹಿಂದೆ ಉಸಿರುಗಟ್ಟಿ ಕೂತಿದ್ದ. ಆನೆಯನ್ನು ನೆಟ್ಟಗೆ ಕೊನೆಯ ಸಾಲಿಗೆ ಒಯ್ದಿದ್ದರೆ ಆಟ ಅಲ್ಲೇ ಮುಗಿಯುತ್ತಿತ್ತು. ಹುಡುಗ ಅಲ್ಲಿ ಸುಮ್ಮಸುಮ್ಮನೆ ಕುದುರೆಯನ್ನು ಬಲಿಕೊಟ್ಟಿದ್ದ. ಇದನ್ನೆಲ್ಲ ತೋರಿಸಿದ ಸಾಹೇಬರು, ಕಾಲೇಜಿನಲ್ಲಿ ಲೆಕ್ಕ ಬಿಡಿಸುವವರು ಯಾರು ಎಂದು ನಯವಾಗಿ ವಿಚಾರಿಸಿದರು.

ರಾಯರ ಮುಖ ಸಪ್ಪಗಾಯಿತು. ಕಣ್ಣೆದುರಿಗೆ ಇದ್ದದ್ದು ಕಾಣದವರ ಕೈಗೆ ಮಗಳನ್ನು ಹೇಗೆ ಕೊಡುವುದು, ಯೋಚಿಸಿ ತಿಳಿಸುತ್ತೇನೆ ಎಂದು ಪದ್ಮಾಬಾಯಿಗೆ ಹೇಳಿದರು. ತಿಳಿಸುತ್ತೇನೆ ಎಂಬ ಮಾತಿನ ಅರ್ಥ ಹೆಣ್ಣು ನೋಡಿ ಬಂದವರಿಗೆಲ್ಲ ಗೊತ್ತು.

"ನನಗ ಎಲ್ಲಾ ಕಾಣಸ್ತಿತ್ರಿ. ನಾ ಬೇಕಂತನ ಸೋತೇನಿ," ಎಂದುಬಿಟ್ಟ ಸುಮೇಧ. ಪದ್ಮಾಬಾಯಿ ಕಣ್ಣು ಮುಚ್ಚಿಕೊಂಡರು.

ರಾಯರು ಮಾತ್ರ ಅರಳಿದರು. "ಹಂಗಾರ ಇನ್ನೊಂದು ಆಟ ಆಗಲಿ. ಈ ಸಲ ಬಿಡಬ್ಯಾಡ್ರಿ."

ಸುಮೇಧ ಅಂಗಿಯ ತೋಳು ಮಡಚಿ ಕೂತು ತನ್ನ ವಿದ್ಯೆಯನ್ನೆಲ್ಲ ಸುರಿದ. ಚಹಾ ಆರುವಷ್ಟರಲ್ಲಿ ಅವನ ಮಂತ್ರಿ ಹೋಗಿತ್ತು, ಕುಡಿದು ಮುಗಿಸುವಷ್ಟರಲ್ಲಿ ರಾಜನೂ ಸೆರೆಸಿಕ್ಕಿದ. ಹುಚ್ಚಪ್ಪನೂ ಸಾಹೇಬರೂ ಮತ್ತೆ ಕಾಯಿ ಜೋಡಿಸಿ ಹುಡುಕಿದರು. ಹುಡುಗ ಗೆಲ್ಲಬಹುದಾಗಿದ್ದ ಜಾಗ ಈ ಆಟದಲ್ಲಿ ಒಂದೂ ಸಿಗಲಿಲ್ಲ.

ಆಗ ರಾಯರು ತಮ್ಮ ಗುಟ್ಟು ಬಿಚ್ಚಿದರು. ಹಿಂದೆ ಬಂದ ವರಗಳೆಲ್ಲ ಅವರ ಕೈಯಲ್ಲಿ ಸೋತು ಮುನಿಸಿಕೊಂಡು ಹೋಗಿದ್ದರು. ಅದಕ್ಕೇ ಈ ಸಲ ಮೊದಲನೆಯ ಆಟ ಸೋಲಲೇಬೇಕೆಂದು ಮಗಳು ಅಪ್ಪನಿಂದ ಆಣೆ ಮಾಡಿಸಿದ್ದಳು.

"ಮಂತ್ರಿನ್ನ ಹರಿವಾಣದಾಗ ಇಟ್ಟು ಕೊಟ್ಟೆ, ನೀವು ಮುಟ್ಟಲಿಲ್ಲ. ನಾ ಏನು ಮಾಡ್ಲಿ? ಆದ್ರ ಎರಡು ಸಲ ಸೋತ್ರೂ ನಿಮಗ ಸಿಟ್ಟು ಬರಲಿಲ್ಲ ನೋಡ್ರಿ. ಇಂಥಾ ಅಳಿಯನ ಬೇಕಾಗಿತ್ತು ನನಗ."

ಲಗ್ನ ಗಟ್ಟಿಯಾಯಿತು, ಸಕ್ಕರೆ ಹಂಚಿದರು. ಸುಮೇಧನಿಗೆ ಸ್ವರ್ಗ ಮೂರೇ ಗೇಣು. ಆದರೂ ಮೊದಲನೆಯ ಆಟ ತಾನಾಗಿ ಬಿಟ್ಟುಕೊಟ್ಟದ್ದು ಎಂಬುದನ್ನು ಒಬ್ಬರಾದರೂ ನಂಬಲಿ ಎಂದು ಅವನ ಜೀವ ಒದ್ದಾಡುತ್ತಿತ್ತು. ಹೊರಡುವಾಗ ಬಾಗಿಲ ಬಳಿ ಪದ್ಮಜಾಗೆ ಆನೆ, ಕುದುರೆ, ಮಂತ್ರಿ ಸಮೇತ ಎಲ್ಲವನ್ನೂ ಬಿಡಿಸಿ ಹೇಳಿದ.

ಅವಳು ಕೊನೆಯವರೆಗೂ ಶಾಂತವಾಗಿ ಕೇಳಿದಳು. ಆಮೇಲೆ ಯಾರಿಗೂ ಕೇಳಿಸದ ಹಾಗೆ, ತುಂಬ ಪ್ರೀತಿಯಿಂದ ಹೇಳಿದಳು:

"ಇರ್ಲಿ ಬಿಡ್ರಿ. ಲಗ್ನ ಆದಮ್ಯಾಲೆ ನಾ ಕಲಿಸ್ತೇನಿ."